ಕರಿನೀರಿನಿಂದ ಬಂದ ಚಳಿಜ್ವರ

ಮೇ ತಿಂಗಳ ನಡುಮಧ್ಯಾಹ್ನ ಅಪ್ಪನಿಗೆ ಚಳಿ ಹತ್ತಿತು.

ಆದೋನಿಯ ಬಿಸಿಲು ಗೊತ್ತಿದ್ದವರಿಗೆ ಈ ಮಾತು ನಂಬಲು ಕಷ್ಟ. ಕೋಟೆ ಬೆಟ್ಟದ ಬಂಡೆಗಳು ಕಾದಿದ್ದವು. ನಮ್ಮ ಓಣಿಯ ನಾಯಿಗಳು ಚರಂಡಿಯ ತೇವ ಹುಡುಕಿ ಮಲಗಿದ್ದವು. ಗೋಡೆಗೆ ಒರಗಿ ಕೂತಿದ್ದ ಅಪ್ಪ ಒಮ್ಮೆಲೇ ಮುದುಡಿಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು. ಕಂಬಳಿ ಹೊದಿಸಿದೆ. ಸಾಲಲಿಲ್ಲ. ಅವ್ವನ ಕೌದಿಯನ್ನೂ ಹೊದಿಸಿದೆ. ಎರಡು ತಾಸು ನಡುಗಿದ ಮೇಲೆ ಮೈ ಹೆಂಚಿನಂತೆ ಕಾಯಿತು. ಸಂಜೆಗೆ ಬೆವರು ಸುರಿಯಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂತು ನೀರು ಕೇಳಿದ.

“ಅಂಜಬ್ಯಾಡ ಗಂಗಾ,” ಎಂದ. “ಇದು ನಂಗ ಹೊಸದಲ್ಲ. ನಾಳಿಗೆ ಬರೂದಿಲ್ಲ. ನಾಡಿದ್ದು ಬರ್ತೈತಿ.”

ಹಾಗೇ ಆಯಿತು.

ಅಪ್ಪ ಮನೆಗೆ ಬಂದು ಆಗಿನ್ನೂ ಇಪ್ಪತ್ತು ದಿನ. ಆತ ಗೋನೆಗಂಡ್ಲದಲ್ಲಿ ಕುರಿ ಕಾಯುತ್ತಿದ್ದವನು. ನನಗೆ ಏಳು ವರ್ಷವಿದ್ದಾಗ ಬಾವಿಯ ಹತ್ತಿರ ಜಗಳವಾಗಿ, ಆತನ ಕೋಲಿನ ಏಟಿಗೆ ಇನ್ನೊಬ್ಬ ಕುರಿಗಾರ ಸತ್ತ. ಬ್ರಿಟಿಷ್ ಸರಕಾರ ಅಪ್ಪನನ್ನು ಅಂಡಮಾನಿಗೆ ಕಳಿಸಿತು. ಅವ್ವ ನನ್ನನ್ನು ಕರೆದುಕೊಂಡು ಆದೋನಿಗೆ ಬಂದು, ಹತ್ತಿ ಕಾರ್ಖಾನೆಯಲ್ಲಿ ಕೂಲಿ ಮಾಡಿ ಓದಿಸಿದಳು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆದೆ. ಅಲ್ಲಿ ಯಾರಾದರೂ ಕೇಳಿದರೆ ಅಪ್ಪ ತೀರಿಕೊಂಡಿದ್ದಾನೆ ಎನ್ನುತ್ತಿದ್ದೆ. ಯುದ್ಧ ಮುಗಿದ ಮೇಲೆ ದ್ವೀಪದ ಕೈದಿಗಳನ್ನು ಬಿಟ್ಟರು. ಕಾಗದ ಬಂತು, ಸ್ಟೇಷನ್ನಿಗೆ ಹೋದೆವು. ರೈಲಿನಿಂದ ಇಳಿದ ಸಣಕಲು ಮನುಷ್ಯನೊಬ್ಬ ಅವ್ವನ ಮುಂದೆ ಬಂದು ತಲೆ ತಗ್ಗಿಸಿ ನಿಂತ. ಆತನೇ ಅಪ್ಪನೆಂದು ನನಗೆ ಗೊತ್ತಾದದ್ದು ಹಾಗೆ.

ನನಗೆ ಸಿಟ್ಟಿರಬೇಕಿತ್ತು. ಇದ್ದದ್ದು ಕುತೂಹಲ. ಸಮುದ್ರ ಹೇಗಿರುತ್ತದೆ, ಜೈಲಿನಲ್ಲಿ ಏನು ಮಾಡಿಸುತ್ತಿದ್ದರು, ಹಡಗಿನಲ್ಲಿ ಎಷ್ಟು ದಿನ. ಏನು ಕೇಳಿದರೂ ಅಪ್ಪನದು ಒಂದೇ ಮಾತಿನ ಉತ್ತರ. ಆದರೆ ಜ್ವರ ಏರಿದಾಗ ಆತ ತಾನಾಗಿ ಮಾತಾಡುತ್ತಿದ್ದ, ಅದೂ ಹಿಂದೂಸ್ತಾನಿಯಲ್ಲಿ. ನಮ್ಮ ಬಜಾರಿನ ಉರ್ದು ಬಲ್ಲ ನನಗೆ ಅರ್ಧ ತಿಳಿಯುತ್ತಿತ್ತು. ಹಗ್ಗ ಬಿಡು ಎನ್ನುತ್ತಿದ್ದ. ಮರ ಬೀಳ್ತದೆ, ಪಕ್ಕಕ್ಕೆ ಸರಿ ಎನ್ನುತ್ತಿದ್ದ. ನಾನು ಒದ್ದೆ ಬಟ್ಟೆ ಹಣೆಗೆ ಹಾಕುತ್ತ ಒಂದೊಂದು ಮಾತನ್ನೂ ಹೆಕ್ಕಿಕೊಳ್ಳುತ್ತಿದ್ದೆ. ರೋಗಿಯಿಂದ ಹೀಗೆ ಕದ್ದು ಕೇಳುವುದು ಸರಿಯೋ ತಪ್ಪೋ, ಈಗಲೂ ಗೊತ್ತಿಲ್ಲ.

ನಾಲ್ಕನೆಯ ಸಲ ಆತ ಅವ್ವನ ಕೈ ಹಿಡಿದು, “ಜಮ್ನಾ, ಪಾನಿ,” ಎಂದ.

ಅವ್ವ ನೀರು ಕುಡಿಸಿದಳು.

ಐದನೆಯ ಸಲ ಬೆವರು ಬರಲಿಲ್ಲ. ಕರೆದರೂ ಕಣ್ಣು ತೆರೆಯಲಿಲ್ಲ. ಜಟಕಾ ತರಿಸಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಎಡಪಕ್ಕೆಯ ಕೆಳಗೆ ಒತ್ತಿ ನೋಡಿದರು.

“ಸ್ಪ್ಲೀನ್, ಅಂದರೆ ಗುಲ್ಮ, ಊದಿ ಹೊಕ್ಕುಳತನಕ ಬಂದಿದೆ. ಏಮ್ಮಾ, ಇವರು ಇಷ್ಟು ವರ್ಷ ಎಲ್ಲಿದ್ದರು?”

ಪಕ್ಕದ ಮಂಚದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಇದ್ದಳು. “ಮದರಾಸಿನಲ್ಲಿ...” ಎಂದು ಶುರುಮಾಡಿದೆ.

“ಕಾಳಾಪಾನಿಯಾಗ ಇದ್ರು ಸಾರ್,” ಎಂದಳು ಅವ್ವ. “ಹನ್ನೆರ್ಡು ವರ್ಷ.”

ಪಕ್ಕದ ಮಂಚದವಳು ಸೆರಗು ಎಳೆದುಕೊಂಡು ಆ ಕಡೆ ಹೊರಳಿದಳು.

ಡಾಕ್ಟರು ಮಾತ್ರ ಮುಖ ಸಿಂಡರಿಸಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು,” ಎಂದರು. “ಅಲ್ಲಿಯ ಮಲೇರಿಯಾ ಬಹಳ ಕೆಟ್ಟದ್ದು. ಇದು ತಲೆಗೆ ಏರಿದೆ. ಕಾಯಬಾರದು.” ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡರು. ಕೂಡಲೇ ಕ್ವಿನೈನ್ ಇಂಜೆಕ್ಷನ್ ಕೊಟ್ಟರು. ಮರುದಿನ ನಾನು ಕೇಳಿದ್ದಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡಗೊಟ್ಟರು. ದುಂಡು ದುಂಡು ಕಣಗಳು, ಕೆಲವುಗಳಲ್ಲಿ ಸಣ್ಣ ಉಂಗುರ. ಅಷ್ಟು ಸಣ್ಣದು ಸಮುದ್ರ ದಾಟಿ ಬಂದು ಅಪ್ಪನನ್ನು ಕೆಡವಿತ್ತು. ಎಷ್ಟು ಹೊತ್ತು ನೋಡಿದೆನೋ, ಡಾಕ್ಟರು ಕೆಮ್ಮಿ ನನ್ನನ್ನು ಎಬ್ಬಿಸಬೇಕಾಯಿತು.

ಎರಡು ದಿನ ಅಪ್ಪ ಮಾತಾಡಲಿಲ್ಲ. ಮೂರನೆಯ ಬೆಳಿಗ್ಗೆ ಕಣ್ಣು ತೆರೆದು, “ಕಿವ್ಯಾಗ ಗುಂಯ್ ಅಂತೈತಿ,” ಎಂದ. ಕ್ವಿನೈನಿಗೆ ಹಾಗಾಗುತ್ತದಂತೆ. ಆ ದೂರು ಕೇಳಿ ನನಗೆ ಅಳು ಬಂತು.

ಅವತ್ತು ಮಧ್ಯಾಹ್ನ ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿದಳು. “ಜಮ್ನಾ ಅಂದ್ರ ಯಾರ್ರೀ?”

ಅಪ್ಪ ಸೂರು ನೋಡುತ್ತ ಹೇಳಿದ.

“ಅಲ್ಲೇ ಹುಟ್ಟಿದಾಕಿ. ಕೈದಿ ಮಗಳು. ನನ್ನನ್ನ ಜೈಲಿನಿಂದ ಕಾಡು ಕಡಿಯೂ ಕೆಲಸಕ್ಕ ಹಾಕಿದ ಮ್ಯಾಲ ಇಬ್ರೂ ಒಂದ ಗುಡಿಸಲದಾಗ ಇದ್ವಿ. ತಿರುಗಿ ಬರ್ತೀನಂತ ನಂಗ ಅನಿಸಿರ್ಲಿಲ್ಲ.”

“ಈಗೆಲ್ಲಿ ಅದಾಳ?”

“ಯುದ್ಧದಾಗ ಜಪಾನಿನವ್ರು ಬಂದು ದ್ವೀಪ ಹಿಡಿದ ಮ್ಯಾಲ ಅಕ್ಕಿ ಸಿಗಲಿಲ್ಲ. ಆಕಿ ತನ್ನ ಪಾಲು ನಂಗ ಇಡ್ತಿದ್ಳು. ಉಂಡೀನಿ ಅಂತ ಸುಳ್ಳು ಹೇಳ್ತಿದ್ಳು. ಹೋಗಿಬಿಟ್ಳು.”

ಅವ್ವ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

“ಜ್ವರ ಬಂದಾಗ ಆಕಿ ನಿಮಗ ಏನ್ ಕೊಡ್ತಿದ್ಳು?”

“ಗಂಜಿ. ತೆಂಗಿನ ಹಾಲು ಹಾಕಿ.”

ಜೋಳ ಉಣ್ಣುವ ನಮ್ಮ ಮನೆಯಲ್ಲಿ ತೆಂಗಿನಕಾಯಿ ದೇವರಿಗೆ ಒಡೆಯಲು ಮಾತ್ರ ಬರುತ್ತಿತ್ತು. ಮರುದಿನ ಅವ್ವ ಅದನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಂಜಿ ಮಾಡಿ ತಂದಳು. ತೆಳ್ಳಗಾಗಿತ್ತು; ಉಪ್ಪೂ ಹೆಚ್ಚು. ಅಪ್ಪ ಪೂರ್ತಿ ಕುಡಿದ. ಅವ್ವ ಬಟ್ಟಲು ಹಿಡಿದುಕೊಂಡು ಆತ ನುಂಗುವುದನ್ನೇ ನೋಡುತ್ತಿದ್ದಳು. ಆಕೆಗೆ ಏನನ್ನಿಸಿತು ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವ ನನಗೆ ಅದೊಂದನ್ನು ಕೇಳುವ ಧೈರ್ಯವಿರಲಿಲ್ಲ.

ಹತ್ತು ದಿನಕ್ಕೆ ಡಿಸ್ಚಾರ್ಜ್ ಆಯಿತು. ಜ್ವರ ಹೋಗಿದೆ, ಬೇರು ಹೋಗಿಲ್ಲ ಎಂದರು ಡಾಕ್ಟರು. ಭಾರ ಎತ್ತಬಾರದು, ಹೊಟ್ಟೆಗೆ ಪೆಟ್ಟು ಬೀಳಬಾರದು, ಔಷಧಿ ಬಿಡಬಾರದು. ಈಗ ಒಂದು ತಿಂಗಳಾಗಿದೆ. ನಾಡಿದ್ದುಗಳು ಬರುತ್ತವೆ, ಚಳಿ ಬರುವುದಿಲ್ಲ. ಆದರೂ ಮೂವರೂ ಎಣಿಸುತ್ತೇವೆ.

ಮೊನ್ನೆ ಸಂಜೆ ನಾನು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದೆ. ಅಪ್ಪ ಹತ್ತಿರ ಬಂದು ಕೂತ.

“ನೀ ಎಲ್ಲಾ ಕೇಳಿದಿ. ಬಾವಿ ಮಾತು ಕೇಳ್ಲಿಲ್ಲ.”

ಕೇಳುವ ಅಗತ್ಯ ಕಂಡಿರಲಿಲ್ಲ. ಆ ಕುರಿಗಾರ ಅಪ್ಪನ ಪಾಳಿಯಲ್ಲಿ ನುಗ್ಗಿ ಮೊದಲು ಕೋಲು ಎತ್ತಿದ ಎಂದು ಅವ್ವ ನನಗೆ ಹೇಳಿಕೊಂಡೇ ಬಂದಿದ್ದಳು.

“ನೀರಿನ ಪಾಳಿ ಆತಂದಿತ್ತು,” ಎಂದ ಅಪ್ಪ. “ನಂದಲ್ಲ. ಆತ ಕೋಲು ಎತ್ತಿರ್ಲಿಲ್ಲ.”

ನಾನು ಆತನ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಇದು ಜ್ವರದ ಮಾತಲ್ಲ.

“ಆತಗ ಮಕ್ಕಳಿದ್ರೇನು?”

“ಒಬ್ಬಾಕಿ ಮಗಳು. ನಿನ್ನ ವಾರಗಿಯಾಕಿ.”

ಅಪ್ಪ ಉಳಿದ. ಆ ಡಾಕ್ಟರ ಕೈಗೆ, ಅವ್ವನ ಒಂದು ಮಾತಿಗೆ, ಎಂದೂ ನೋಡದ ಒಬ್ಬ ಹೆಂಗಸಿನ ಗಂಜಿಗೆ ನಾನು ಕೈಮುಗಿಯುತ್ತೇನೆ. ಆದರೆ ಗೋನೆಗಂಡ್ಲದಲ್ಲಿ ನನ್ನ ವಯಸ್ಸಿನ ಒಬ್ಬಳಿದ್ದಾಳೆ. ಅವಳ ಅಪ್ಪ ಯಾವ ರೈಲಿನಿಂದಲೂ ಇಳಿಯಲಿಲ್ಲ.