ಬೆಕ್ಕಮ್ಮನ ಕೆಳಗಿದ್ದ ಅರ್ಜಿ

ನನ್ನ ಭಾಮೈದನನ್ನು ಮನೆಯಲ್ಲೆಲ್ಲ ರಿಪೇರಿ ಎಂದೇ ಕರೆಯುತ್ತೇವೆ. ಶಾಲೆ, ಕಚೇರಿಗಳ ವೆಬ್‌ಸೈಟ್ ಕೆಟ್ಟರೆ ಸರಿಮಾಡುವುದು ಅವನ ಹೊಟ್ಟೆಪಾಡು. ನನಗೋ ಟಿವಿ ರಿಮೋಟಿಗೆ ಬ್ಯಾಟರಿ ಹಾಕುವುದಕ್ಕೂ ಹೆಂಡತಿಯೇ ಬೇಕು. ಹಾಗಾಗಿ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ನನ್ನ ಪಾಲಿನ ಕೆಲಸ.

ಅವನು ನೋಡಿಕೊಳ್ಳುತ್ತಿದ್ದ ಶಾಲೆಯೊಂದಕ್ಕೆ ಚಿತ್ರಕಲೆಯ ಟೀಚರ್ ಬೇಕಾಗಿತ್ತು. ನನ್ನ ಹೆಂಡತಿ, ಅಂದರೆ ಅವನ ಅಕ್ಕ, ಮಕ್ಕಳಾದ ಮೇಲೆ ಬಿಟ್ಟಿದ್ದ ಕುಂಚವನ್ನು ಆ ಕೆಲಸಕ್ಕೆಂದೇ ಮತ್ತೆ ಕೈಗೆತ್ತಿಕೊಂಡಿದ್ದಳು. ಅರ್ಜಿಯನ್ನು ವೆಬ್‌ಸೈಟಿನಲ್ಲಿ ತುಂಬಿ 'ಕಳುಹಿಸಿ' ಒತ್ತಿದರೆ 'ಪುಟ ಸಿಗಲಿಲ್ಲ' ಎಂಬ ಉತ್ತರ.

"ಲೋ, ನಿನ್ನ ಅಂಗಡಿ ಬಾಗಿಲೇ ತೆಗೀತಿಲ್ವಲ್ಲೋ!" ಎಂದು ಅವಳು ತಮ್ಮನನ್ನು ಮನೆಗೆ ಕರೆಸಿದಳು.

ರಿಪೇರಿ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. "ಅರ್ಜಿ ಒಂದು ವಿಳಾಸಕ್ಕೆ ಹೊರಡ್ತಿದೆ ಭಾವ. ಒಳಗೆ ಆ ವಿಳಾಸದಲ್ಲಿ ಯಾರೂ ಇಲ್ಲ. ದಾರಿ ತಿದ್ದಬೇಕು." ತಲೆಯಾಡಿಸಿದೆ. ತಿದ್ದಿದ್ದನ್ನು ಪರೀಕ್ಷಿಸಲು, ಶಾಲೆಯವರಿಗೆ ಕಿರಿಕಿರಿ ಬೇಡವೆಂದು, ಅರ್ಜಿಗಳನ್ನು ತನ್ನದೇ ಒಂದು ಪ್ರಯೋಗದ ಇ-ಮೇಲ್ ಪೆಟ್ಟಿಗೆಗೆ ತಿರುಗಿಸಿದ. ಬೆಕ್ಕಮ್ಮ, ಗೂಬಯ್ಯ ಎಂದೆಲ್ಲ ಹೆಸರು ಹಾಕಿ ಕಳುಹಿಸಿದ. 'ಧನ್ಯವಾದ, ನಿಮ್ಮ ಅರ್ಜಿ ತಲುಪಿದೆ' ಎಂದು ಬಂತು.

"ಈಗ ಕಳ್ಸಕ್ಕ!" ಎಂದು ಕುರ್ಚಿಯಿಂದ ನೆಗೆದ. ಆ ಸಂಭ್ರಮದಲ್ಲಿ, ದಾರಿಯನ್ನು ಶಾಲೆಯ ಕಡೆಗೆ ಮರಳಿ ತಿರುಗಿಸುವುದನ್ನೇ ಮರೆತ.

ಅವಳ ಅರ್ಜಿಗೂ 'ತಲುಪಿದೆ' ಎಂದೇ ಬಂತು. ಶಾಲೆಯಿಂದ ಕರೆ ಮಾತ್ರ ಬರಲಿಲ್ಲ. "ತಲುಪಿತೋ ಇಲ್ವೋ ಕೇಳೋ" ಎಂದು ಅವಳು ಅಂದರೆ, "ತಲುಪಿದೆ ಅಂತ ಬರೆದೇ ಇತ್ತಲ್ಲ. ಇನ್ನೇನು ಡಂಗುರ ಸಾರ್ಬೇಕಾ?" ಎಂದು ರೇಗಿಸಿದ. ಎಲ್ಲ ತಿಳಿದವನಂತೆ ನಾನೂ ನಕ್ಕೆ.

ಖುದ್ದಾಗಿ ಹೋಗಿ ಅರ್ಜಿ ಕೊಟ್ಟಿದ್ದ ಬೇರೊಬ್ಬರಿಗೆ ಆ ಕೆಲಸ ಸಿಕ್ಕಿತು. ಆಮೇಲೊಂದು ದಿನ ಮುಖ್ಯೋಪಾಧ್ಯಾಯಿನಿ, "ವೆಬ್‌ಸೈಟಿಂದ ಒಂದೂ ಅರ್ಜಿ ಬರ್ಲಿಲ್ವಲ್ರೀ" ಎಂದಾಗ ರಿಪೇರಿಗೆ ಆ ಪ್ರಯೋಗದ ಪೆಟ್ಟಿಗೆ ನೆನಪಾಯಿತು. ಪೆಟ್ಟಿಗೆ ತೆರೆದು ನೋಡಿದರೆ, ಬೆಕ್ಕಮ್ಮ, ಗೂಬಯ್ಯರ ಕೆಳಗೆ ಅಕ್ಕ, ತಾನು ಬರೆದ ಚಿತ್ರಗಳ ಸಮೇತ.

ನೇರ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಅವಳು ಬೈಯುತ್ತಾಳೆಂದು ಇಬ್ಬರೂ ಕಾದೆವು.

"ನನ್ನ ಚಿತ್ರ ನೋಡಿ ಬೇಡ ಅಂದ್ರು ಅಂದ್ಕೊಂಡಿದ್ನಲ್ಲೋ," ಎಂದಳು ಮೆಲ್ಲಗೆ. "ಬಣ್ಣ, ಕುಂಚ ಎಲ್ಲಾ ಪಕ್ಕದ್ಮನೆ ಹುಡುಗಿಗೆ ಕೊಟ್ಬಿಟ್ಟೆ."

"ಅವರು ನೋಡೇ ಇಲ್ಲ ಕಣೇ ಅಕ್ಕ."

ಮರುದಿನವೇ ಹೊಸ ಬಣ್ಣದ ಪೆಟ್ಟಿಗೆ ತಂದುಕೊಟ್ಟ. ಅದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಬೀರುವಿನ ಮೇಲೆ ಕೂತಿದೆ. ಈಗೀಗ ಅವನು ಏನು ಸರಿಮಾಡಿದರೂ ಆಚೆ ತುದಿಯವರನ್ನು ಕೇಳದೆ ಬಿಡುವುದಿಲ್ಲ. ಮೊನ್ನೆ ನಮ್ಮ ಕಾಲಿಂಗ್ ಬೆಲ್ ರಿಪೇರಿ ಮಾಡಿ, ಒತ್ತಿ, ಹೊರಗಿನಿಂದಲೇ ಕೂಗಿದ: "ಅಕ್ಕಾ, ಕೇಳಿಸ್ತಾ?"

ಬೆಲ್ ಏನೋ ಮನೆಯೆಲ್ಲ ಕೇಳಿಸಿತು. ಅಡುಗೆಮನೆಯಿಂದ ಮಾತ್ರ ಉತ್ತರ ಬರಲಿಲ್ಲ.

"ಕೇಳಿಸ್ತಪ್ಪಾ!" ಎಂದು ನಾನೇ ಕೂಗಿದೆ.

ಅವನು ಮತ್ತೊಮ್ಮೆ ಒತ್ತಿದ.