ನಾಲ್ಕು ಮಂಗಳವಾರಗಳ ಸೇಡು

1998ರಲ್ಲಿ ನಾನು ಮಿರಜದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫ್ಯಾಮಿಲಿ ಕೌನ್ಸೆಲರ್ ಆಗಿದ್ದೆ. ಮಗು ಕದಿಯುತ್ತದೆ, ಕಚ್ಚುತ್ತದೆ, ಶಾಲೆಯಿಂದ ಓಡಿಹೋಗುತ್ತದೆ ಎಂದು ದೂರು ತರುವ ತಂದೆತಾಯಿಗಳ ಜೊತೆ ಮಾತನಾಡುವುದು ನನ್ನ ಕೆಲಸ. ಪಕ್ಕದ ಸಾಂಗ್ಲಿಯಲ್ಲಿ ಆಗ ಇಂಗ್ಲಿಷ್ ಶಾಲೆ, ಟ್ಯೂಷನ್ ಕ್ಲಾಸು, ಫ್ಲ್ಯಾಟು ಎಲ್ಲವೂ ಅಣಬೆಯಂತೆ ಏಳುತ್ತಿದ್ದವು. ಅಲ್ಲಿಯ ಶ್ರೀಮಂತರು ಮಾತ್ರ ನನ್ನನ್ನು ಹುಡುಕಿಕೊಂಡು ಮಿರಜಕ್ಕೇ ಬರುತ್ತಿದ್ದರು. ಮಿರಜಕ್ಕೆ ಹೊರಟವರನ್ನು ಯಾರೂ ಏಕೆಂದು ಕೇಳುವುದಿಲ್ಲ; ದವಾಖಾನೆಗೆ ಅಂದುಕೊಳ್ಳುತ್ತಾರೆ, ಮರ್ಯಾದೆ ಉಳಿಯುತ್ತದೆ.

ಆ ಮಳೆಗಾಲದ ಒಂದು ಮಂಗಳವಾರ ಬಾಗಿಲಲ್ಲಿ ಅಣ್ಣಾಸಾಹೇಬರು ನಿಂತಿದ್ದರು. ಅರಿಶಿನದ ವ್ಯಾಪಾರಿ, ಮೂಲತಃ ಹತ್ತಿರದ ಸಮಡೋಳಿ ಹಳ್ಳಿಯವರು. ನಾನು ಅವರನ್ನು ಕಂಡ ಕೂಡಲೇ ಗುರುತಿಸಿದೆ. ಅವರು ನನ್ನನ್ನು ಗುರುತಿಸಲಿಲ್ಲ. ಎಂಟು ವರ್ಷದ ಹಿಂದೆ ನಾನು ಸಾಂಗ್ಲಿಯ ಒಂದು ಶಾಲೆಯಲ್ಲಿ ಶಿಕ್ಷಕಿ, ಆ ಕಡೆಯ ಮಾತಿನಲ್ಲಿ ‘ಬಾಯಿ’; ಅವರು ಅದರ ಆಡಳಿತ ಮಂಡಳಿಯ ಸದಸ್ಯರು. ಮಕ್ಕಳನ್ನು ಹೊಡೆಯಬಾರದೆಂದು ನಾನು ಸಭೆಯಲ್ಲಿ ಹೇಳಿದ್ದಕ್ಕೆ ಎಲ್ಲರೆದುರು, "ಈ ಬಾಯಿಗೆ ಹೊಟ್ಟೀಲೆ ಒಂದೂ ಹುಟ್ಟಿಲ್ಲ. ಮಕ್ಕಳ ವಿಚಾರ ಈಕಿಗೇನ ತಿಳೀತೈತಿ?" ಎಂದಿದ್ದರು. ಸಭೆ ನಕ್ಕಿತು. ಮುಂದಿನ ತಿಂಗಳು ನನ್ನ ಕೆಲಸವೂ ಹೋಯಿತು. ಆ ನಗು ಎಂಟು ವರ್ಷ ನನ್ನ ಕಿವಿಯಲ್ಲೇ ಇತ್ತು. ಈಗ ಅದೇ ಮನುಷ್ಯ ಟೊಪ್ಪಿಗೆ ಕೈಯಲ್ಲಿ ಹಿಡಿದು, "ಕುಂದ್ರಲೇನ್ರಿ?" ಎಂದು ಕೇಳುತ್ತಿದ್ದರು. ಸುಳ್ಳೇಕೆ ಹೇಳಲಿ, ಹೋಳಿಗೆ ಉಂಡಷ್ಟು ಖುಷಿಯಾಯಿತು.

ದೂರು ಅವರ ಹತ್ತು ವರ್ಷದ ಮಗಳು ಸ್ನೇಹಲ್ ಬಗ್ಗೆ. ತರಗತಿಯ ಮಕ್ಕಳ ಊಟದ ಡಬ್ಬಿ ಕದಿಯುತ್ತಾಳೆ, ಕಿತ್ತುಕೊಳ್ಳಲು ಬಂದವರನ್ನು ಕಚ್ಚುತ್ತಾಳೆ. ಇನ್ನೊಂದು ದೂರು ಬಂದರೆ ಶಾಲೆಯಿಂದ ತೆಗೆಯುತ್ತೇವೆಂದು ಪತ್ರ ಬಂದಿತ್ತು. ಆದರೆ ತಂದೆಯನ್ನು ಕುಗ್ಗಿಸಿದ್ದು ಬೇರೆಯೇ. ದನಿ ತಗ್ಗಿಸಿ, "ಕದ್ದದ್ದು ಹೋಗ್ಲಿ ಬಾಯಿ, ಒಂದ ಡಬ್ಬಿಯೊಳಗ ಆಮ್ಲೆಟ್ ಇತ್ರಿ. ಜೈನರ ಕೂಸು ತತ್ತಿ ತಿಂದೈತಿ. ಏನರೆ ಗುಳಿಗಿ ಕೊಡ್ರಿ" ಎಂದರು.

ಅವರನ್ನು ಹೊರಗೆ ಕೂರಿಸಿ, ಜೊತೆಗೆ ಬಂದಿದ್ದ ಹುಡುಗಿಯನ್ನು ಕೇಳಿ ಅವಳ ರುಟೀನ್ ಚಾರ್ಟ್ ಬರೆದೆ. ಮಗುವಿನ ಒಂದು ದಿನವನ್ನು ಗಂಟೆ ಗಂಟೆಯಾಗಿ ಬರೆಯುವ ಹಾಳೆ ಅದು. ಬೆಳಿಗ್ಗೆ ಮನೆಯ ಪೂಜೆ ಮುಗಿದು ತಿಂಡಿಯಾಗುವುದರೊಳಗೆ ಶಾಲೆಯ ರಿಕ್ಷಾ. ಹನ್ನೆರಡಕ್ಕೆ ಡಬ್ಬಿ. ಐದಕ್ಕೆ ಶಾಲೆ ಬಿಟ್ಟರೆ ಅಲ್ಲಿಂದಲೇ ಟ್ಯೂಷನ್. ಮನೆ ಸೇರುವುದು ಎಂಟಕ್ಕೆ. ಆ ಮನೆಯಲ್ಲಿ ಊಟ ಹೊತ್ತು ಮುಳುಗುವ ಮುಂಚೆಯೇ. ಈ ಚಾತುರ್ಮಾಸದಲ್ಲಿ ಮಗಳೂ ಹೊತ್ತು ಮುಳುಗಿದ ಮೇಲೆ ಏನೂ ಮುಟ್ಟುವುದಿಲ್ಲ ಎಂದು ಅಣ್ಣಾಸಾಹೇಬರು ಬಸದಿಯಲ್ಲಿ ನಾಲ್ಕು ಜನರ ಮುಂದೆ ಅವಳ ಪರವಾಗಿ ನೇಮ ಹಿಡಿದಿದ್ದರು. ಟ್ಯೂಷನ್ ಹಚ್ಚಿದವರೂ ಅವರೇ. ಎರಡನ್ನೂ ಕೂಡಿಸಿದರೆ ಇಂದಿನ ಡಬ್ಬಿಯಿಂದ ನಾಳೆಯ ಡಬ್ಬಿಯವರೆಗೆ ಹುಡುಗಿಗೆ ಊಟವಿಲ್ಲ; ಕೂಡಿಸಿ ನೋಡುವ ಪುರುಸೊತ್ತು ಅವರಿಗೆ ಇರಲಿಲ್ಲ.

"ಹಸಿವಿ ತಡಿಯೂದಿಲ್ರಿ," ಎಂದಳು ಸ್ನೇಹಲ್. "ಮಮ್ಮಿ ಪಪ್ಪಾಗ ಅಂಜತಾಳ. ನೀವ ಹೇಳ್ತೀರೇನ್ರಿ?"

ಹೇಳುತ್ತೇನೆ ಎಂದೆ. ಬಾಗಿಲು ತೆರೆದರೆ ಎರಡು ನಿಮಿಷದ ಮಾತು. ಆದರೆ ತಂದೆಗೆ ಹೇಳಿದ್ದೇ ಬೇರೆ: "ಕೇಸ್ ಕಠಿಣ ಐತ್ರಿ. ಇನ್ನೂ ಮೂರ ಮಂಗಳವಾರ ಬರ್ರಿ. ಕಡೀದಕ್ಕ ನಿಮ್ಮ ತಾಯಿನೂ ಕರಕೊಂಡ ಬರ್ರಿ." ಮನೆಯವರೆಲ್ಲ ಒಟ್ಟಿಗೆ ಕೂರುವ ಇದಕ್ಕೆ ಫ್ಯಾಮಿಲಿ ಸೆಷನ್ ಎನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಸಭೆ. ನನ್ನನ್ನು ಸಭೆಯಲ್ಲಿ ಕೆಡವಿದವರು ಸಭೆಯಲ್ಲೇ ಬೀಳಬೇಕಾಗಿತ್ತು.

ನಡುವಿನ ಎರಡು ಮಂಗಳವಾರ ಅವರನ್ನು ರೋಗಿಗಳ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಿಸಿದೆ. ಒಳಗೆ ನಾನು ಸಾವಕಾಶವಾಗಿ ಚಹಾ ಕುಡಿದೆ. ಕರೆದ ಮೇಲೆ, "ಮಕ್ಕಳ ವಿಚಾರ ನಿಮಗ ಎಷ್ಟ ತಿಳೀತೈತ್ರಿ?" ಎಂದು ಕೇಳಿ, ಅವರು ಬೆವರು ಒರೆಸಿಕೊಳ್ಳುವುದನ್ನು ನೋಡಿದೆ.

ನಾಲ್ಕನೆಯ ಮಂಗಳವಾರ ಹೆಂಡತಿ, ಮಗಳು, ಸಮಡೋಳಿಯಲ್ಲಿ ತಮ್ಮ ಹಿರಿಯ ಮಗನ ಮನೆಯಲ್ಲಿರುವ ಅವರ ತಾಯಿ, ಎಲ್ಲರೂ ಬಂದರು. ನಾನು ಚಾರ್ಟನ್ನು ಗಂಟೆ ಗಂಟೆಯಾಗಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸುವುದರೊಳಗೆ ಮುದುಕಿ ಎದ್ದು ನಿಂತರು. "ಎಳೀ ಕೂಸಿನ ಹೆಸರಿಲೆ ನೇಮ ಹಿಡಿ ಅಂತ ಯಾರ ಹೇಳಿದ್ರೋ ನಿನಗ? ಐವತ್ತ ವರ್ಷ ನೇಮ ಹಿಡದಾಕಿ ನಾ ಹೇಳಾಕತ್ತೇನಿ, ಇದು ಧರ್ಮ ಅಲ್ಲ, ನಿನ್ನ ಮೆರೆದಾಟ!" ಅಣ್ಣಾಸಾಹೇಬರ ತಲೆ ಎದೆಗೆ ತಾಗಿತು. ಆಗ ನಾನು ಯಾರೆಂದು ಹೇಳಿದೆ; ಅವರು ಆಡಿದ ಮಾತನ್ನೂ ಹೇಳಿದೆ. ಅವರು ನನ್ನ ಮುಖ ನೋಡಿ, "ಯಾವ ಸಭಾರಿ? ನೆನಪಿಲ್ಲ ನೋಡ್ರಿ" ಎಂದರು. ನಾಟಕವಾಗಿರಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಅದು ಇನ್ನೂ ಉರಿಸಿತು.

ಆಗ ಸ್ನೇಹಲ್‌ಳ ತಾಯಿ ಬಾಯಿ ಬಿಟ್ಟಳು. ಹಿಂದಿನ ಶನಿವಾರ ಮಗಳು ಮತ್ತೆ ಸಿಕ್ಕಿಬಿದ್ದಿದ್ದಳು. ಕದ್ದ ಡಬ್ಬಿಯನ್ನು ಕೈಯಲ್ಲಿ ಕೊಟ್ಟು ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಲ್ಲಿಸಿ, ಶಾಲೆಯಿಂದ ಹೆಸರು ತೆಗೆದು ಮನೆಗೆ ಕಳಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಂತಾಯಿತು. ಬರೆ ಎಳೆದವಳು ನಾನೇ.

ಸ್ನೇಹಲ್ ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ಬಾಯಿ, ನಾ ಮೊದಲ್ನೇ ದಿವಸನ ಹೇಳಿದ್ನಲ್ರಿ," ಎಂದಳು. "ನೀವ ಯಾಕ ಹೇಳ್ಲಿಲ್ಲ?"

ಅಂದಿನಿಂದ ನಿವೃತ್ತಿಯವರೆಗೆ ಯಾವ ಮಗುವಿನ ಮಾತನ್ನೂ ಮರುದಿನಕ್ಕೆ ಇಟ್ಟುಕೊಳ್ಳಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅಣ್ಣಾಸಾಹೇಬರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಒಂದು ಲೆಕ್ಕದಲ್ಲಿ ಅವರು ನನಗಿಂತ ಮೇಲು: ಮಗಳು ಹಸಿದಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.