ಕಡ್ಡಿಯಕ್ಕ ಮತ್ತು ಏಳು ಲಕ್ಷ ಕಿಲೋಮೀಟರಿನ ಕಾರು

ಬೆಳಿಗ್ಗೆ ಐದೂಕಾಲು. ಟ್ಯಾಕ್ಸಿ ಶೆಡ್ಡಿನಲ್ಲಿ ಹನ್ನೊಂದು ಕಾರುಗಳು ಸಾಲಾಗಿ ನಿಂತಿವೆ. ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಒಂದೊಂದರ ಬಾನೆಟ್ ಮೇಲೂ ಅಂಗೈ ಇಟ್ಟು ನೋಡುತ್ತಾ ಬರುತ್ತಾರೆ, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ನಾಲ್ಕನೆಯದು ಬೆಚ್ಚಗಿದೆ. "ಯಾರಪ್ಪಾ ಇದನ್ನ ಆಗ್ಲೇ ಸ್ಟಾರ್ಟ್ ಮಾಡಿದ್ದು? ನಾನು ನೋಡೋ ತನಕ ತಡ್ಕೊಳ್ಳೋಕೆ ಆಗಲ್ವಾ?" ಎಂದು ಗದರುತ್ತಾರೆ. ಟೀ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ಒಟ್ಟಿಗೆ ಬೇರೆ ಕಡೆ ನೋಡುತ್ತಾರೆ.

ತಣ್ಣಗಿರುವ ಎಂಜಿನ್ನಿನಿಂದ ಆಯಿಲ್ ಕಡ್ಡಿ ಎಳೆದು, ಹಳೆಯ ಬೆಡ್‌ಶೀಟಿನ ಬಿಳಿ ಚೂರಿನ ಮೇಲೆ ಒಂದೇ ಹನಿ ಬೀಳಿಸುತ್ತಾರೆ. ಹನಿ ಹರಡಿ ಉಂಗುರವಾಗುವವರೆಗೆ ಕಾಯುತ್ತಾರೆ. ಅಂಚು ತಿಳಿಯಾಗಿದ್ದರೆ ಸರಿ. ನಡುವೆ ಕಪ್ಪು ಗಟ್ಟಿಯಾಗಿ ನಿಂತರೆ ಎಣ್ಣೆ ಬದಲಿಸಬೇಕು, ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ ಎಂದರ್ಥ. ಚೂರಿನ ಮೂಲೆಯಲ್ಲಿ ತಾರೀಖು, ಕಿಲೋಮೀಟರು ಬರೆದು ಗೋಡೆಯ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಶೆಡ್ಡಿನವರ ಬಾಯಲ್ಲಿ ಇವರು ಕಡ್ಡಿಯಕ್ಕ.

ಇವತ್ತು ಅವರ ಕೈ ಕೊನೆಯ ಕಾರಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮೀಟರಿನಲ್ಲಿ 7,43,160. ಇವತ್ತೇ ಅದಕ್ಕೆ ಫಿಟ್‌ನೆಸ್ ಪರೀಕ್ಷೆ. ಫೇಲಾದರೆ ಕಾರು ಗುಜರಿಗೆ, ಹೊಸ ಕಾರಿಗೆ ಹೊಸ ಡ್ರೈವರ್ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಈಗಿನ ಡ್ರೈವರ್ ಕಡ್ಡಿಯಕ್ಕನ ಅಣ್ಣ, ಐವತ್ತೆಂಟು ವರ್ಷದವರು. "ಈ ವಯಸ್ಸಲ್ಲಿ ನನ್ನ ಕೈಗೆ ಯಾರು ಸ್ಟೇರಿಂಗ್ ಕೊಡ್ತಾರೆ?" ಎಂದು ಅವರು ನಗುತ್ತಾರೆ. ತಂಗಿ ನಗುವುದಿಲ್ಲ.

ಪತ್ರಿಕೆಗೆ ಬರೆಯುವ ನಾನು ಈ ಶೆಡ್ಡಿಗೆ ಬಂದದ್ದು ಎಲ್ಲರೂ ಕೇಳುವ ಪ್ರಶ್ನೆ ಹೊತ್ತುಕೊಂಡು: ಹೆಚ್ಚು ಬಾಳಿಕೆ ಬರುವ ಕಾರು ಯಾವುದು? ಕಂಪನಿಯ ಹೆಸರು ಹೇಳಿಬಿಟ್ಟರೆ ಬರೆದುಕೊಂಡು ಮನೆಗೆ ಹೋಗುವವಳು ನಾನು. ಅವರು ಹೆಸರು ಹೇಳದೆ ಗೋಡೆಯತ್ತ ಕೈ ತೋರಿಸುತ್ತಾರೆ. ಅಲ್ಲೊಂದು ಮೊಳೆ, ಮೊಳೆಯಲ್ಲಿ ತುಂಡಾದ ರಬ್ಬರ್ ಬೆಲ್ಟು.

"ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ದಿನ ಎರಡು ಕಾರು ಬಂದ್ವು ಮೇಡಂ. ಅವಳಿ ಜವಳಿ. ಒಂದು ಐದೇ ವರ್ಷಕ್ಕೆ ಸತ್ತೋಯ್ತು. ಇನ್ನೊಂದು ಹದಿನೇಳು ವರ್ಷದಿಂದ ಓಡ್ತಿದೆ. ಈಗ ಹೇಳಿ, ಕಂಪನಿ ಹೆಸರು ತಗೊಂಡು ಏನ್ ಮಾಡ್ತೀರಾ?"

ಸತ್ತ ಕಾರನ್ನು ಓಡಿಸುತ್ತಿದ್ದವರೂ ಇದೇ ಅಣ್ಣ. ಎರಡು ಲಕ್ಷ ಕಿಲೋಮೀಟರಿಗೆ ಅದರ ಟೈಮಿಂಗ್ ಬೆಲ್ಟ್, ಎಂದರೆ ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ಓಡಿಸುವ ರಬ್ಬರ್ ಪಟ್ಟಿ, ಬದಲಿಸಬೇಕಿತ್ತು. ಅಷ್ಟರಲ್ಲಿ ಮೀಟರಿನೊಳಗೆ ಒಂದು ಪ್ಲಾಸ್ಟಿಕ್ ಹಲ್ಲು ಮುರಿದು ಅಂಕಿ 1,88,412ರಲ್ಲೇ ನಿಂತಿತು. ವೇಗದ ಮುಳ್ಳು ಎಂದಿನಂತೆ ಕುಣಿಯುತ್ತಿದ್ದರಿಂದ ಅಣ್ಣನಿಗೂ ಅನುಮಾನ ಬರಲಿಲ್ಲ. ಕಡ್ಡಿಯಕ್ಕ ಆಗ ಏನನ್ನೂ ಬರೆದಿಡುತ್ತಿರಲಿಲ್ಲ. ಮೀಟರ್ ನೋಡುವುದು, ಇನ್ನೂ ಎರಡು ಲಕ್ಷ ಆಗಿಲ್ಲವಲ್ಲ ಎಂದು ಬಾನೆಟ್ ಮುಚ್ಚುವುದು. ಎಂಟು ತಿಂಗಳು ಹೀಗೇ ನಡೆಯಿತು. ಕೊನೆಗೆ ಹೆದ್ದಾರಿಯಲ್ಲಿ ಬೆಲ್ಟ್ ತುಂಡಾಗಿ, ಎಂಜಿನ್ನಿನ ಒಳಗಿನದೆಲ್ಲ ಒಂದಕ್ಕೊಂದು ಹೊಡೆದುಕೊಂಡು ಹಾಳಾಯಿತು.

"ಅಣ್ಣ ನಾಲ್ಕು ತಿಂಗಳು ಕಾರಿಲ್ದೆ ಮನೇಲಿ ಕೂತ. ನನ್ನ ಒಂದು ಮಾತೂ ಅನ್ನಲಿಲ್ಲ. ಬೈದುಬಿಟ್ಟಿದ್ರೆ ಚೆನ್ನಾಗಿರ್ತಿತ್ತು." ಜೋಡಿ ಕಾರಿನ ಡ್ರೈವರ್ ಕೆಲಸ ಬಿಟ್ಟು ಹೋದ ಮೇಲೆ ಆ ಕಾರು ಅಣ್ಣನ ಕೈಗೆ ಬಂತು. ಬಿಳಿ ಬಟ್ಟೆಯ ಚೂರುಗಳು ಶುರುವಾದದ್ದು ಆಗಲೇ. ಹನ್ನೆರಡು ವರ್ಷಗಳಲ್ಲಿ ಕಡ್ಡಿಯಕ್ಕ ಒಂದು ಬೆಳಿಗ್ಗೆಯನ್ನೂ ತಪ್ಪಿಸಿಲ್ಲ.

ಕಾರು ದಿನಕ್ಕೆ ಸುಮಾರು ನೂರಿಪ್ಪತ್ತು ಕಿಲೋಮೀಟರ್ ಓಡುತ್ತದೆ. "ಕಂಪನಿ ಪುಸ್ತಕದಲ್ಲಿ ಹತ್ತು ಸಾವಿರಕ್ಕೆ ಎಣ್ಣೆ ಬದಲಿಸಿ ಅಂತಿದೆ, ನಾನು ಎಂಟಕ್ಕೇ ಬದಲಿಸ್ತೀನಿ. ಕೀಲಿ ಅಣ್ಣನ ಕೈ ಬಿಟ್ಟು ಬೇರೆ ಕೈಗೆ ಹೋಗಬಾರ್ದು. ಸ್ಟಾರ್ಟ್ ಮಾಡಿದ ಕೂಡ್ಲೇ ರೊಂಯ್ ಅನ್ನಿಸಬಾರ್ದು. ನಾಳೆ ನೋಡೋಣ ಅಂದವರ ಕಾರೆಲ್ಲ ಗುಜರಿಯಲ್ಲಿವೆ, ಹೋಗಿ ನೋಡ್ಕೊಂಡು ಬನ್ನಿ." ಮಾತಾಡುತ್ತಲೇ ಹೊರಗೆ ಬಂದು ನನ್ನ ಕಾರಿನ ಕಡ್ಡಿಯನ್ನೂ ಎಳೆದು ನೋಡುತ್ತಾರೆ. ಎಣ್ಣೆ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಐವತ್ತು ಸಾವಿರವೂ ಓಡದ ಕಾರಿಗೆ ಆಗಲೇ ಮುಪ್ಪು ತರಿಸಿದ್ದೇನಂತೆ.

ಒಂಬತ್ತಕ್ಕೆ ಪರೀಕ್ಷಾ ಕೇಂದ್ರದಲ್ಲಿದ್ದೇವೆ. ಹೊಗೆ ಪರೀಕ್ಷೆಗೆ ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ ಎಂದು ಅಣ್ಣ ಇಪ್ಪತ್ತು ಕಿಲೋಮೀಟರ್ ಸುತ್ತು ಹಾಕಿಕೊಂಡು ಬಂದಿದ್ದಾರೆ. ಹೊಗೆ ಮಿತಿಯ ಅರ್ಧವೂ ಇಲ್ಲ. ದೀಪ ಸರಿ, ಸ್ಟೇರಿಂಗ್ ಸರಿ. ಬ್ರೇಕಿನ ಸರದಿ ಬಂದಾಗ ಪರೀಕ್ಷಕರು ಕೈ ಎತ್ತುತ್ತಾರೆ. "ಹಿಂದಿನ ಎಡಚಕ್ರ ಹಿಡೀತಿಲ್ಲ. ಒಂದು ಗಂಟೆಯೊಳಗೆ ಸರಿಮಾಡ್ಕೊಂಡು ಬಂದ್ರೆ ಇನ್ನೊಂದ್ಸಲ ನೋಡ್ತೀನಿ. ಇಲ್ಲಾಂದ್ರೆ ಫೇಲ್."

ಅಣ್ಣನ ಮುಖ ಸಪ್ಪಗಾಗುತ್ತದೆ. "ಹೋಗ್ಲಿ ಬಿಡು ಪುಟ್ಟಿ. ಇಷ್ಟು ವರ್ಷ ಓಡಿದ್ದೇ ಹೆಚ್ಚು."

"ಸುಮ್ನೆ ಜಾಕ್ ತಗೊಂಡು ಬಾ ಅಣ್ಣ."

ಗೇಟಿನ ಹೊರಗೆ, ರಸ್ತೆಯ ಬದಿಯ ಮಣ್ಣಿನಲ್ಲೇ ಕೂತು ಚಕ್ರ ಬಿಚ್ಚುತ್ತಾರೆ. ಬ್ರೇಕ್ ಬಿಗಿ ಮಾಡುವ ತಿರುಪು ತುಕ್ಕು ಹಿಡಿದು ಜಾಮ್ ಆಗಿದೆ. ಎಣ್ಣೆ ಬಿಟ್ಟು, ಉಪ್ಪುಕಾಗದದಿಂದ ಉಜ್ಜಿ, ಒಂದೊಂದೇ ಹಲ್ಲು ತಿರುಗಿಸುತ್ತಾರೆ. ಗೆಣ್ಣು ತರಚಿ ರಕ್ತ ಬಂದರೂ ನೋಡಿಕೊಳ್ಳುವುದಿಲ್ಲ. ನನಗಂತೂ ಕೈಗಡಿಯಾರ ನೋಡಲೂ ಭಯ. ನಲವತ್ತು ನಿಮಿಷಕ್ಕೆ ಚಕ್ರ ಮತ್ತೆ ತನ್ನ ಜಾಗದಲ್ಲಿದೆ.

ಈ ಸಲ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ. ಪರೀಕ್ಷಕರು ಸಹಿ ಹಾಕುವ ಮೊದಲು ಒಳಗೆ ಬಗ್ಗಿ ನೋಡುತ್ತಾರೆ. "ಏಳು ಲಕ್ಷಾನಾ? ಮೀಟರ್ ಸರಿಯಾಗಿದೆ ತಾನೇ?"

"ಅದನ್ನ ಮಾತ್ರ ದಿನಾ ನೋಡ್ತೀನಿ ಸಾರ್," ಎನ್ನುತ್ತಾರೆ ಕಡ್ಡಿಯಕ್ಕ.

ಅಣ್ಣ ಕಾರಿನ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೇನು ಆಸೆ ಇದೆ, ಎಂಟು ಲಕ್ಷವಾ ಎಂದು ನಾನು ಕೇಳುತ್ತೇನೆ. ಕಡ್ಡಿಯಕ್ಕ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಅಲ್ಲವೆಂದು ತಲೆಯಾಡಿಸುತ್ತಾರೆ.

"ಲೆಕ್ಕ ಎಷ್ಟಾದ್ರೂ ಆಗ್ಲಿ ಮೇಡಂ. ಒಂದ್ಸಲ ನಾನು ಅಣ್ಣನ ಕಾರು ನಿಲ್ಲಿಸಿದೀನಿ. ಇದನ್ನ ಅವನೇ ಸಾಕು ಅಂತ ನಿಲ್ಲಿಸ್ಬೇಕು."